ಟೋಕನ್ ಇಲ್ಲ ಅಂದಿತ್ತು

2025ರ ಮಾರ್ಚ್ 11, ಮಂಗಳವಾರ, ಬೆಳಗ್ಗೆ 9 ಗಂಟೆ 42 ನಿಮಿಷ — ಗಾಜಿನ ಬಾಗಿಲಿನ ಆಚೆ ನಾಲ್ಕನೇ ಕುರ್ಚಿಯ ನೆತ್ತಿಯ ಮೇಲೆ ದೀಪ ಹಸಿರಾಗಿದೆ, ಕುರ್ಚಿ ಖಾಲಿ, ಮೂರರಲ್ಲಿ ಒಬ್ಬ ಮುದುಕ ಬಾಯಿ ತೆರೆದು ನಿದ್ದೆ ಹೋಗಿದ್ದಾನೆ, ಐದರಲ್ಲಿ ಒಬ್ಬ ಹೆಂಗಸು ಎಡಗೈಯನ್ನು ಯಂತ್ರಕ್ಕೆ ಒಪ್ಪಿಸಿ ಬಲಗೈಯಲ್ಲಿ ಫೋನ್ ಉಜ್ಜುತ್ತಿದ್ದಾಳೆ, ನಡುವೆ ನಾಲ್ಕು, ಹಲ್ಲು ಬಿದ್ದ ಜಾಗದ ಹಾಗೆ, ಅದರ ಡಯಾಲಿಸಿಸ್ ಯಂತ್ರ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಸಿಕೊಳ್ಳದೆ ನಿಂತಿದೆ, ಹಸಿರು ಅಂದರೆ ಈ ಹೊತ್ತಿಗೆ ಈ ಕುರ್ಚಿ ಒಬ್ಬರ ಹೆಸರಿಗೆ ಬುಕ್ ಆಗಿದೆ, ಬೇರೆ ಯಾರೂ ಕೂರುವಂತಿಲ್ಲ ಎಂದರ್ಥ, ಆ ಬಣ್ಣವನ್ನು ಆರಿಸಿದವಳು ಈಚೆ ಬೆಂಚಿನ ಮೇಲೆ ಕೂತಿರುವ ಅವಳೇ, ಕುರ್ಚಿ ಹಂಚುವ ಪ್ರೋಗ್ರಾಂ ಬರೆದವಳು, ಕೆಂಪು ಬೇಡ, ರೋಗಿಗಳಿಗೆ ಗಾಬರಿಯಾಗುತ್ತೆ ಅಂದವಳೂ ಅವಳೇ, ಈಗ ಕೈಗೆ ಸಿಕ್ಕಿದ್ದನ್ನು ಎತ್ತಿ ಆ ಹಸಿರಿಗೆ ಬೀಸಿ ಒಗೆಯಬೇಕು ಅನ್ನಿಸುತ್ತಿದೆ, ಕೈಗೆ ಸಿಕ್ಕಿರುವುದು ತೊಡೆಯ ಮೇಲಿನ ಲ್ಯಾಪ್‌ಟಾಪ್, ಅದನ್ನೇ ಒಗೆದರೂ ಪಾಪವಿಲ್ಲ — ಎಡಗಡೆ ತುರ್ತು ಕೋಣೆಯ ಪರದೆಯ ಹಿಂದೆ ಚಿಕ್ಕಮ್ಮ ಮಲಗಿದ್ದಾರೆ, ನಾಲ್ಕನೇ ಕುರ್ಚಿ ಬುಕ್ ಆಗಿರುವುದು ಅವರ ಹೆಸರಿಗೆ, ಬೆಳಗ್ಗೆ ಬಚ್ಚಲಮನೆಯ ಸ್ಟೂಲಿನಿಂದ ಏಳಲು ಹೋಗಿ ಏಳಲಾಗದೆ, ಕಾಲು ನನ್ನ ಮಾತು ಕೇಳ್ತಿಲ್ಲ, ತುಟಿ ಜುಮ್ಮಂತಿದೆ, ಇದು ಪೊಟ್ಯಾಸಿಯಂ, ಅಂದರು, ಹಾಜರಿ ಕೂಗುವಷ್ಟು ತಣ್ಣಗೆ, ಇಪ್ಪತ್ತೊಂಬತ್ತು ವರ್ಷ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದ ಹೆಂಗಸು ಬಿದ್ದಾಗಲೂ ಮೂಲವಸ್ತುವಿನ ಹೆಸರು ಹೇಳಿಯೇ ಬೀಳುತ್ತಾಳೆ — ಕನ್ನಡಕವನ್ನು ತಲೆಗೇರಿಸಿಕೊಂಡ ಡಾಕ್ಟರು ಈಸಿಜಿ ಕಾಗದ ಹಿಡಿದು ಬಂದರು, ಅದರ ಮೇಲೆ ಗೆರೆ ಒಂದೊಂದು ಬಡಿತಕ್ಕೂ ಮೊನಚಾಗಿ ಮೇಲೆದ್ದಿತ್ತು, ಉರಿಯ ನಾಲಗೆಯ ಹಾಗೆ, ರಕ್ತ ಕಳಿಸಿದ್ದೀವಿ, ಪೊಟ್ಯಾಸಿಯಂ ಎಷ್ಟಿದೆ ಅಂತ ಸ್ವಲ್ಪ ಹೊತ್ತಲ್ಲಿ ಬರುತ್ತೆ, ಐದರ ಆಸುಪಾಸು ಇರಬೇಕು, ಆರೂವರೆ ದಾಟಿದ್ರೆ ಹೃದಯವನ್ನ ನಂಬೋ ಹಾಗಿಲ್ಲ, ಕ್ಯಾಲ್ಸಿಯಂ ಕೊಟ್ಟಿದ್ದೀವಿ, ಅದು ಒಂದರ್ಧ ಗಂಟೆ ಕಾಯುತ್ತೆ ಅಷ್ಟೇ, ಡಯಾಲಿಸಿಸ್ ಈಗಲೇ ಶುರು ಆಗಬೇಕು, ಹಿಂದಿನದು ಯಾವಾಗ ಆಯ್ತು, ಎಂದರು, ಶನಿವಾರ, ಅಂದಳು ಅವಳು, ತಡವರಿಸದೆ, ಪಾಠ ಒಪ್ಪಿಸಿದ ಹಾಗೆ, ಪರದೆಯ ಹಿಂದಿನಿಂದ ಚಿಕ್ಕಮ್ಮನ ದನಿ ಬಂತು, ಗುರುವಾರ — ಅಲ್ಲ ಚಿಕ್ಕಮ್ಮ, ಶನಿವಾರ ಆಯ್ತು ಅಂತ ನೀವೇ ಫೋನಲ್ಲಿ ಹೇಳಿದ್ರಲ್ಲ, ಅಂದಳು, ನಾನು ಹಾಗೆ ಹೇಳಿದ್ನಾ, ಸರಿಯಾಗಿ ಜ್ಞಾಪಿಸಿಕೋ ಅವಸರದಮ್ಮ, ಎಂದರು, ಉರಿಗೆ ಹಿಡಿದರೆ ಕ್ಯಾಲ್ಸಿಯಂ ಇಟ್ಟಿಗೆ ಕೆಂಪು, ಸೋಡಿಯಂ ಹಳದಿ, ಪೊಟ್ಯಾಸಿಯಂ ತೆಳು ನೇರಳೆ, ಯಾಕೆ ಇದೆಲ್ಲ ಈಗ ತಲೆಗೆ ಬರಬೇಕು, ಬರ್ನರಿನ ಮೇಲೆ ಹಿಡಿದ ತಂತಿ, ಅದರ ತುದಿಯಲ್ಲೊಂದು ನೇರಳೆ ಉರಿ.

ಐದು ದಿನ, ಗುರುವಾರದಿಂದ ಮಂಗಳವಾರ, ಐದು ದಿನದ ಕೊಳೆ ಒಂದು ಮೈಯೊಳಗೆ, ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತಾರೆ, ನನಗೆ ಎರಡೂ ಇಲ್ಲ ನೋಡು ಅಂತ ನಗುತ್ತಿದ್ದರು ಚಿಕ್ಕಮ್ಮ, ಶನಿವಾರ ಯಾಕಾಗಲಿಲ್ಲ, ಅವಳು ಲ್ಯಾಪ್‌ಟಾಪ್ ತೆರೆದಿದ್ದು ಅದಕ್ಕೆ, ತೆರೆದ ಮೂರನೇ ನಿಮಿಷಕ್ಕೆ ಗೊತ್ತಾಯಿತು, ಗೊತ್ತಾದ ಕೂಡಲೇ ಅಂಗಾಲಿನಿಂದ ನೆತ್ತಿಯವರೆಗೆ ಉರಿ, ಆ ಸಾಲು ಇಲ್ಲ, ಪ್ರೋಗ್ರಾಮಿನಲ್ಲಿ ಅವಳು ಬರೆದಿದ್ದ ಸಾಲು ಅಲ್ಲಿಲ್ಲ — ಊರಿನ ಮೂರು ಡಯಾಲಿಸಿಸ್ ಕೇಂದ್ರಗಳನ್ನು ನಡೆಸುವ ಟ್ರಸ್ಟಿನವರು ಬಂದಾಗ ಹೇಳಿದ್ದು ಒಂದೇ ಮಾತು, ದೊಡ್ಡವರ ಫೋನ್ ಬಂದ್ರೆ ಸರದಿ ಬದಲಾಗುತ್ತೆ, ಗಟ್ಟಿ ಗಂಟಲಿನವರಿಗೆ ಕುರ್ಚಿ, ಮೆತ್ತಗಿರೋರಿಗೆ ನಾಳೆ ಬಾ, ಯಾರೂ ಕೈಯಾಡಿಸೋಕೆ ಆಗದ ಹಾಗೆ ಮಾಡಿಕೊಡಿ, ಅದಕ್ಕೇ ಬ್ಲಾಕ್‌ಚೈನ್, ಅದಕ್ಕೇ ಎಲ್ಲರಿಗೂ ಕಾಣುವ, ಬರೆದದ್ದನ್ನು ಅಳಿಸಲಾಗದ ಆ ದಾಖಲೆ, ಒಂದು ಸಲದ ಡಯಾಲಿಸಿಸ್ಸಿಗೆ ಒಂದು ಟೋಕನ್, ವಾರಕ್ಕೆ ಮೂರು, ಸಾಹುಕಾರನಿಗೂ ಮೂರೇ ಸಿಪಾಯಿಗೂ ಮೂರೇ, ಟೋಕನ್‌ಗಳನ್ನು ಕಾಯುವುದು ಒಂದು ಕಾಂಟ್ರಾಕ್ಟ್, ಅಂದರೆ ಬ್ಲಾಕ್‌ಚೈನಿನ ಮೇಲೆ ತಾನೇ ಓಡುವ ಪ್ರೋಗ್ರಾಂ, ಅದನ್ನು ಎರಡು ವರ್ಷದ ಹಿಂದೆ ಬೇರೆ ಯಾರೋ ಬರೆದು ಹೋಗಿದ್ದರು, ಕುರ್ಚಿ ಹಂಚುವುದು ಇನ್ನೊಂದು ಕಾಂಟ್ರಾಕ್ಟ್, ಅದು ಅವಳದು, ಅವಳ ಕಾಂಟ್ರಾಕ್ಟ್ ಆ ಕಾಂಟ್ರಾಕ್ಟನ್ನು ಕರೆದು, ಈ ರೋಗಿಯ ಒಂದು ಟೋಕನ್ ನನಗೆ ವರ್ಗ ಮಾಡು ಅಂತ ಕೇಳಬೇಕು, ಅದು ಮಾಡಿದರೆ ಹೌದು ಅನ್ನುತ್ತದೆ, ಆಗದಿದ್ದರೆ ಇಲ್ಲ ಅನ್ನುತ್ತದೆ, ಈಚಿನ ಟೋಕನ್‌ಗಳು ಆಗದಿದ್ದರೆ ಕಿರುಚಿ ಎಲ್ಲವನ್ನೂ ಅಲ್ಲಿಗೇ ನಿಲ್ಲಿಸಿಬಿಡುತ್ತವೆ, ಈ ಹಳೆಯದು ಹಾಗಲ್ಲ, ಮರ್ಯಾದಸ್ಥರ ಮನೆಯದು, ಮೆಲ್ಲಗೆ ಇಲ್ಲ ಅಂತ ಹೇಳಿ ಸುಮ್ಮನಾಗುತ್ತದೆ, ಕೇಳಿಸಿಕೊಂಡರೆ ಕೇಳಿಸಿಕೋ, ಇಲ್ಲದಿದ್ದರೆ ನಿನ್ನ ಕರ್ಮ — ಇದನ್ನೆಲ್ಲ ಚಿಕ್ಕಮ್ಮನಿಗೆ ಬಿಡಿಸಿ ಹೇಳಿದ್ದಳು, ಅಡುಗೆಮನೆಯ ಮೇಜಿನ ಮೇಲೆ, ಎರಡು ಲೋಟ ಎದುರುಬದುರು ಇಟ್ಟು, ಚಿಕ್ಕಮ್ಮ ಗಲ್ಲಕ್ಕೆ ಕೈಕೊಟ್ಟು ಕೇಳಿದರು, ಅಂದ್ರೆ ಇದು ನೀನು ಏಳು ವರ್ಷದವಳಿದ್ದಾಗ ಪಕ್ಕದ ಮನೆಗೆ ಸುತ್ತಿಗೆ ಕೇಳೋಕೆ ಹೋದ ಕಥೆ, ಕೇಳ್ಕೊಂಡು ಬಾ ಅಂದೆ, ಓಡಿಹೋಗಿ ಓಡಿಬಂದೆ, ಏನಾಯ್ತೇ ಅಂದ್ರೆ, ಕೇಳಿದೆ ಚಿಕ್ಕಮ್ಮ ಅಂದೆ, ಏನಂದ್ರು ಅಂದ್ರೆ, ಗೊತ್ತಿಲ್ಲ, ಕೇಳಿದೆ, ಕೇಳಿದ್ದು ಕೆಲಸ ಅಲ್ಲಮ್ಮ, ಅವರು ಏನಂದ್ರು ಅನ್ನೋದು ಕೆಲಸ, ಅವತ್ತಿನಿಂದ ನಿನ್ನ ಹೆಸರು ಅವಸರದಮ್ಮ — ಅದಕ್ಕೇ ಅಲ್ಲವೇ ಅವಳು ಆ ಸಾಲು ಬರೆದದ್ದು, ಉತ್ತರವನ್ನು ಕೈಗೆ ತಗೋ, ಇಲ್ಲ ಅಂದಿದ್ದರೆ ಅಲ್ಲಿಗೇ ನಿಲ್ಲು, ಕುರ್ಚಿ ಕೊಡಬೇಡ, ಹಸಿರು ಹಚ್ಚಬೇಡ, ರೋಗಿಯ ಫೋನಿಗೆ ಕಾರಣ ತಿಳಿಸು, ಒಂದೇ ಸಾಲು, ಮೇಲೊಂದು ಟಿಪ್ಪಣಿ, ಈ ಟೋಕನ್ ಇಲ್ಲ ಎನ್ನುವಾಗ ಸದ್ದು ಮಾಡುವುದಿಲ್ಲ, ಉತ್ತರ ನೋಡಿ — ಟಿಪ್ಪಣಿ ಈಗಲೂ ಇದೆ, ಅಕ್ಷರ ಬಿಡದೆ ಇದೆ, ಅದರ ಕೆಳಗಿನ ಸಾಲು ಮಾತ್ರ ಇಲ್ಲ, ಯಾಕೆಂದರೆ ಟಿಪ್ಪಣಿಗೆ ಖರ್ಚಿಲ್ಲ, ಸಾಲಿಗೆ ಖರ್ಚಿದೆ, ಬ್ಲಾಕ್‌ಚೈನಿನಲ್ಲಿ ಒಂದೊಂದು ಹೆಜ್ಜೆಗೂ ಗ್ಯಾಸ್ ಅಂತ ಒಂದು ಶುಲ್ಕ, ಒಂದು ಬುಕಿಂಗಿಗೆ ಅರವತ್ತು ಸಾವಿರ ಚಿಲ್ಲರೆ ಯೂನಿಟ್, ಅದರಲ್ಲಿ ಆ ಸಾಲು ಕಿತ್ತು ಅವಳ ಆಫೀಸಿನ ಯಜಮಾನ ಉಳಿಸಿದ್ದು ಇಪ್ಪತ್ತೆಂಟು, ಅರವತ್ತು ಸಾವಿರದಲ್ಲಿ ಇಪ್ಪತ್ತೆಂಟು, ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ, ಅಡಕೆಗೆ ಹೋದ ಜೀವ?

ಉಳಿತಾಯ, ಹೌದು, ಆಫೀಸಿನಲ್ಲಿ ಎಲ್ಲರೂ ಬೆನ್ನ ಹಿಂದೆ ಯಜಮಾನನನ್ನು ಕರೆಯುವುದು ಹಾಗೆ, ಉಳಿತಾಯ ಬಂದ, ಉಳಿತಾಯ ಹೋದ, ಶೌಚಾಲಯದೊಳಗೆ ಮನುಷ್ಯರಿರುವಾಗಲೇ ಹೊರಗಿನಿಂದ ಲೈಟ್ ಆರಿಸುವವನು, ಒಳಗಿಂದ ಅಯ್ಯೋ ಅಂದರೆ, ಓ ಇದ್ದೀರಾ, ಅನ್ನುವವನು, ಪ್ರಿಂಟರಿನ ಕಾಗದವನ್ನು ನಾಲ್ಕು ಭಾಗ ಮಾಡಿ ಮೇಜಿನ ಮೇಲೆ ಪೇರಿಸಿಡುವವನು, ಅದನ್ನೆಲ್ಲ ನಗೆಗೆ ಬಿಟ್ಟಿದ್ದರು, ನಕ್ಕು ನಕ್ಕು ತಲೆಯ ಮೇಲೆ ಕೂರಿಸಿಕೊಂಡಿದ್ದರು — ಹತ್ತು ಗಂಟೆಗೆ ಮೂರು ನಿಮಿಷ ಇರುವಾಗ ಅವನ ಫೋನ್ ಬಂತು, ನೋಡಮ್ಮ, ನೀನು ಬೆಳಗ್ಗೆನೇ ಕಾಂಟ್ರಾಕ್ಟ್ ನಿಲ್ಲಿಸೋಕೆ ಕೇಳಿದ್ದೀಯ, ಕಂಡೆ, ಸರಿ, ನಾನೂ ಸಹಿ ಹಾಕಿದೆ, ನಿಂತಿದೆ, ಗಾಬರಿ ಏನಿಲ್ಲ, ಗಾಬರಿ ಏನಿಲ್ಲ ಅಂದ ಆ ಬಾಯಿ, ಸಾರ್, ಆ ಸಾಲನ್ನ ಯಾರು ತೆಗೆದದ್ದು, ಅಂದಳು, ಯಾವ ಸಾಲು, ಓ ಅದಾ, ಅದು ದಂಡ ಅಲ್ವಾ, ಟೋಕನ್ ಸಿಗದೇ ಹೋದ್ರೆ ಕರೆ ತಾನೇ ಮುರಿದುಬೀಳುತ್ತೆ, ಎಲ್ಲ ಟೋಕನ್ನೂ ಹಾಗೇ, ಅಂದ, ಇದು ಬೀಳಲ್ಲ ಸಾರ್, ಇದು ಇಲ್ಲ ಅನ್ನುತ್ತೆ, ಮೇಲೆ ಬರೆದಿದ್ದೆ, ಕನ್ನಡದಲ್ಲೇ ಬರೆದಿದ್ದೆ, ಅಂದಳು, ಬರೆದಿದ್ದೆ ಸರಿ, ಟಿಪ್ಪಣಿನ ಯಾರಮ್ಮ ಓದ್ತಾರೆ, ಅಂದ, ನಗುತ್ತಲೇ ಅಂದ — ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ, ಈ ದೊಣ್ಣೆ ನಗುತ್ತದೆ ಬೇರೆ — ಶುಕ್ರವಾರ ಸಂಜೆ ಹೊಸ ಆವೃತ್ತಿ ಏರಿಸಿದ್ದೀವಲ್ಲ, ಕಾಂಟ್ರಾಕ್ಟಿನ ವಿಳಾಸ ಬದಲಾಯ್ತು, ರೋಗಿಗಳು ಹಿಂದೆ ಒಪ್ಪಿಗೆ ಕೊಟ್ಟಿದ್ದು ಹಳೇ ವಿಳಾಸಕ್ಕೆ, ಅದಕ್ಕೇ ಟೋಕನ್ ಕದಲಿಲ್ಲ, ಇಷ್ಟೇ ವಿಷಯ, ಅಂದ, ಇಷ್ಟೇ ವಿಷಯ — ಹೌದು, ಇಷ್ಟೇ, ನನ್ನ ಟೋಕನ್ ಮುಟ್ಟೋಕೆ ನಾನು ಒಬ್ಬನಿಗೆ ಅನುಮತಿ ಕೊಟ್ಟಿದ್ದೇನೆ, ಮಾರನೇ ದಿನ ಅವನ ಜಾಗದಲ್ಲಿ ಇನ್ನೊಬ್ಬ ಬಂದು ಕೈಚಾಚಿದರೆ ಟೋಕನ್ ಕಾಯುವವನು ಇಲ್ಲ ಅನ್ನುತ್ತಾನೆ, ಅನ್ನಲೇಬೇಕು, ಅವನದು ತಪ್ಪಲ್ಲ, ಅವನು ಹತ್ತೊಂಬತ್ತು ಸಲ ಇಲ್ಲ ಅಂದಿದ್ದಾನೆ, ಶುಕ್ರವಾರ ಸಂಜೆಯಿಂದ ಹತ್ತೊಂಬತ್ತು ಬುಕಿಂಗ್, ಒಂದೊಂದಕ್ಕೂ ಬಂದ ಉತ್ತರ ಪರದೆಯ ಮೇಲಿದೆ, ಅರವತ್ನಾಲ್ಕು ಅಂಕೆ, ಹೌದು ಆಗಿದ್ದರೆ ಕೊನೆಯದು ಒಂದು, ಇಲ್ಲ ಆದರೆ ಎಲ್ಲವೂ ಸೊನ್ನೆ, ಎಲ್ಲವೂ ಸೊನ್ನೆ, ಸಾಲು ಸಾಲು ಸೊನ್ನೆ, ಅದರ ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ ಕರೆ ಯಶಸ್ವಿ, ಕರೆ ಯಶಸ್ವಿ, ಕರೆ ಯಶಸ್ವಿ, ಕರೆಯಂತೆ, ಯಶಸ್ವಿಯಂತೆ, ಸುತ್ತಿಗೆ ಕೇಳಿದೆ ಚಿಕ್ಕಮ್ಮ — ಕೇಳ್ತಿದ್ದೀಯಾ, ಅನ್ನುತ್ತಿದ್ದಾನೆ ಉಳಿತಾಯ, ಟ್ರಸ್ಟಿಗೆ ಒಂದು ವರದಿ ಕಳಿಸಬೇಕು, ತುಂಬಿಸಿ ಕಳಿಸಿದ್ದೀನಿ, ತಾಂತ್ರಿಕ ದೋಷ, ಸರಿಪಡಿಸಲಾಗಿದೆ, ರೋಗಿಗಳಿಗೆ ಆದ ತೊಂದರೆ ಸೊನ್ನೆ, ಹತ್ತೂವರೆ ಒಳಗೆ ನಿನ್ನ ಸಹಿ ಹಾಕಿಬಿಡು, ಇಬ್ಬರ ಸಹಿ ಬೇಕಲ್ಲ, ಸೊನ್ನೆ ಅಂತ ನಿಮಗೆ ಯಾರು ಹೇಳಿದ್ರು ಸಾರ್, ಅಂದಳು, ಯಾರೂ ದೂರು ಕೊಟ್ಟಿಲ್ವಲ್ಲಮ್ಮ, ದೂರು ಇಲ್ಲ ಅಂದ್ರೆ ಸೊನ್ನೆ ತಾನೇ, ಆಮೇಲೆ ದನಿ ಇಳಿಸಿ, ನೋಡು, ಶುಕ್ರವಾರದ ಆವೃತ್ತಿಗೆ ನೀನೂ ಸಹಿ ಹಾಕಿದ್ದೀಯ, ಮರೀಬೇಡ, ನಿಮ್ಮ ಚಿಕ್ಕಮ್ಮ ಹೇಗಿದ್ದಾರೆ — ಫೋನ್ ಇಟ್ಟಳು, ಹೇಗಿದ್ದಾರೆ, ಬಂದು ನೋಡು, ಬರುವಾಗ ಲೈಟ್ ಆರಿಸಿಕೊಂಡು ಬಾ.

ನರ್ಸ್ ಹೊರಬಂದು, ಡಯಾಲಿಸಿಸ್‌ಗೆ ಶಿಫ್ಟ್ ಮಾಡಬೇಕು, ನಾಲ್ಕನೇದು ಖಾಲಿ ಇದೆಯಲ್ಲ, ತೆರೆಸಿ, ಎಂದಳು, ಕೌಂಟರ್‌ನವನು ಟ್ಯಾಬ್ಲೆಟ್ ಮೇಲೆ ಬೆರಳಾಡಿಸಿದ, ತಲೆ ಕೆರೆದ, ಖಾಲಿ ಇಲ್ಲ ಸಿಸ್ಟರ್, ಬುಕ್ ಆಗಿದೆ, ಯಾರಿಗೆ, ಇವರಿಗೇ, ಸರಿ ಹಾಗಾದ್ರೆ ತೆರೀರಿ, ತೆರೆಯೋಕಾಗಲ್ಲ, ಟೋಕನ್ ಬಂದಿಲ್ಲ, ಟೋಕನ್ ಬರದೆ ಯಂತ್ರ ಶುರು ಮಾಡೋ ಹಾಗಿಲ್ಲ, ಬೇರೆಯವರಿಗೆ ಕೊಡಿ ಹಾಗಾದ್ರೆ, ಆಗಲ್ಲ, ಬುಕ್ ಆಗಿದೆಯಲ್ಲ — ಎಷ್ಟು ಅಚ್ಚುಕಟ್ಟು, ಒಂದು ಕಾಂಟ್ರಾಕ್ಟ್ ಕುರ್ಚಿ ಇವರದು ಅನ್ನುತ್ತದೆ, ಇನ್ನೊಂದು ಟೋಕನ್ ಇಲ್ಲ ಅನ್ನುತ್ತದೆ, ಎರಡೂ ನಿಜ, ನಡುವೆ ಒಂದು ಮೈ ಕೊಳೆಯುತ್ತದೆ — ಅವಳು ಎದ್ದಳು, ಲ್ಯಾಪ್‌ಟಾಪ್ ಬೆಂಚಿನ ಮೇಲೆ ದೊಪ್ಪನೆ ಬಿತ್ತು, ಕೌಂಟರಿಗೆ ಹೋದಳು, ಹುಟ್ಟಿದಾಗಿನಿಂದ ಯಾರ ಮೇಲೂ ತೆಗೆಯದ ದನಿ ತೆಗೆದಳು, ರೀ, ಮನುಷ್ಯರು ಸಾಯ್ತಾ ಇದ್ದಾರೆ, ನಿಮ್ಮ ಟ್ಯಾಬ್ಲೆಟ್‌ನ ಅತ್ತ ಎಸೀರಿ, ಆ ಕುರ್ಚಿ ತೆರೀರಿ, ತೆರೀದೆ ಇದ್ರೆ ನಾನೇ ಒಳಗೆ ಹೋಗಿ ಆ ಪ್ಲಾಸ್ಟಿಕ್ ಕಿತ್ತುಹಾಕ್ತೀನಿ, ಮೂರರ ಮುದುಕ ಎಚ್ಚರಗೊಂಡ, ಐದರ ಹೆಂಗಸು ಫೋನಿನಿಂದ ತಲೆ ಎತ್ತಿದಳು, ಕೌಂಟರ್‌ನವನು ಎರಡೂ ಕೈ ಎತ್ತಿ, ಆಯ್ತು ಮೇಡಂ, ಆಯ್ತು, ಕೂಗಾಡಬೇಡಿ, ಅಂದ, ಡ್ರಾಯರ್ ಎಳೆದು ಚೀಟಿಪುಸ್ತಕ ತೆಗೆದ, ಕಾರ್ಬನ್ ಹಾಳೆ ಇಟ್ಟು ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದ, ಕುರ್ಚಿ ನಾಲ್ಕು, ಹರಿದುಕೊಟ್ಟ, ನರ್ಸ್ ಓಡಿದಳು, ಇಷ್ಟೇ, ಒಂದು ಕೂಗು, ಒಂದು ಚೀಟಿ — ಹದಿನಾಲ್ಕು ತಿಂಗಳು ಕೂತು ಬರೆದದ್ದು ಈ ಕೂಗನ್ನೂ ಈ ಚೀಟಿಯನ್ನೂ ಇಲ್ಲವಾಗಿಸುವುದಕ್ಕೆ, ಈಗ ಬದುಕಿಸುತ್ತಿರುವುದು ಅವೇ ಎರಡು, ಬೇಲಿ ಹಾಕಿದವಳೇ ಬೇಲಿ ಹಾರಿದ ಹಾಗಾಯಿತು — ಚೀಟಿ ಇತ್ತಲ್ಲ, ಶನಿವಾರ ಯಾಕೆ ಕೊಡ್ಲಿಲ್ಲ, ಅಂದಳು, ದನಿ ಇನ್ನೂ ಇಳಿದಿರಲಿಲ್ಲ, ಕೊಟ್ವಿ ಮೇಡಂ, ಎಲ್ಲರಿಗೂ ಕೊಟ್ವಿ, ಟೋಕನ್ ಕಾಣದೇ ಇದ್ದವರೆಲ್ಲ ಮೇಲೆಬಿದ್ದು ಜಗಳ ಆಡಿದ್ರು, ಒಬ್ಬರು ನನ್ನ ಕಾಲರ್ ಹಿಡಿದ್ರು, ಬರೆದುಕೊಟ್ವಿ, ನಿಮ್ಮ ಕಂಪನಿಗೂ ಫೋನ್ ಮಾಡಿದೆ, ಸೋಮವಾರ ನೋಡೋಣ ಅಂದ್ರು ನಿಮ್ಮ ಸಾರು, ಟೀಚರಮ್ಮ ಮಾತ್ರ ಕೇಳ್ಲಿಲ್ಲ, ಅಗೋ ಆ ಬೆಂಚಿನ ಮೇಲೆ ಕೂತಿದ್ರು, ನೀವು ಕೂತಿದ್ದಿರಲ್ಲ ಅಲ್ಲೇ, ಒಂದು ಗಂಟೆ ಮೇಲೆ ಕೂತಿದ್ರು, ನಾನೇ ಕರೆದೆ, ಅಮ್ಮ, ನಿಮಗೂ ಒಂದು ಚೀಟಿ ಬರೀಲಾ, ಬೇಡಪ್ಪ ಅಂದ್ರು, ಚೀಟಿ ಬೇಡ ಅಂತಲೇ ನಮ್ಮ ಹುಡುಗಿ ಇದನ್ನ ಮಾಡಿರೋದು, ಅದು ಇಲ್ಲ ಅಂದ್ರೆ ಇಲ್ಲ, ನಾನು ಅದನ್ನ ಮುರೀಬಾರದು, ಹೀಗಂದ್ರು ಮೇಡಂ, ಕುರ್ಚಿ ಅವರ ಹೆಸರಲ್ಲೇ ನಾಲ್ಕು ಗಂಟೆ ಖಾಲಿ ಇತ್ತು, ನೋಡ್ತಾ ಕೂತಿದ್ದು ಎದ್ದುಹೋದ್ರು.

ನೋಡುತ್ತಾ ಕೂತಿದ್ದರಂತೆ, ಈ ಬೆಂಚಿನ ಮೇಲೆ, ಈ ಹಸಿರು ದೀಪ ನೋಡುತ್ತಾ, ಸಿಟ್ಟು ಈಗ ಉಳಿತಾಯನನ್ನು ಬಿಟ್ಟು ಚಿಕ್ಕಮ್ಮನ ಮೇಲೆ ತಿರುಗುತ್ತದೆ, ಎಂಥ ಹೆಂಗಸು, ಎಂಥ ಹಟ, ತಕ್ಕಡಿ ಸರಿಯಿಲ್ಲದಿದ್ದರೆ ಪ್ರಯೋಗವನ್ನೇ ನಿಲ್ಲಿಸುತ್ತಿದ್ದವರು, ಅಧಿಕಾರಿಗಳ ಎದುರೇ, ನಿಮ್ಮ ಲೆಕ್ಕ ತಪ್ಪು ಅಂದವರು, ತನ್ನ ಪ್ರಾಣದ ವಿಷಯಕ್ಕೆ ಬಂದಾಗ ಬೇಡಪ್ಪ ಅಂದರಂತೆ, ಕೂಗಬಾರದಿತ್ತೇ, ಕಾಲರ್ ಹಿಡಿಯಬಾರದಿತ್ತೇ, ನನ್ನ ಮರ್ಯಾದೆ ಉಳಿಸೋಕೆ ನೀವ್ಯಾರು ಚಿಕ್ಕಮ್ಮ, ಯಾರು ಕೇಳಿದ್ದರು — ಗಾಜಿನ ಆಚೆ ನರ್ಸ್ ಪ್ಲಾಸ್ಟಿಕ್ ಹೊದಿಕೆ ಕಿತ್ತಳು, ಯಂತ್ರ ಕಣ್ಣು ಬಿಟ್ಟಿತು, ಪರದೆ ಸರಿಸಿ ಚಿಕ್ಕಮ್ಮನನ್ನು ಗಾಲಿಮಂಚದಲ್ಲಿ ತಳ್ಳಿಕೊಂಡು ಹೊರಟರು, ಮುಖ ಬೂದಿ ಬಣ್ಣ, ಹತ್ತಿರ ಬಂದಾಗ ಅವಳು ಎಡಗೈ ಮುಟ್ಟಿದಳು, ಸೂಜಿ ಚುಚ್ಚಲೆಂದು ನಾಳಗಳನ್ನು ಹೊಲಿದ ಜಾಗ, ಚರ್ಮದ ಕೆಳಗೆ ಜುಂಯ್ ಎನ್ನುವ ಸದ್ದು, ಕೈಯೊಳಗೆ ಫ್ರಿಜ್ ಓಡ್ತಾ ಇದೆ ನೋಡು, ಕರೆಂಟ್ ಬಿಲ್ ಮಾತ್ರ ಬರಲ್ಲ, ಅನ್ನುತ್ತಿದ್ದರು, ಓಡುತ್ತಿದೆ, ಇನ್ನೂ ಓಡುತ್ತಿದೆ, ಯಾಕೆ ಹೇಳ್ಲಿಲ್ಲ ಚಿಕ್ಕಮ್ಮ, ಶನಿವಾರ ಆಗಲಿಲ್ಲ ಅಂತ ಒಂದು ಮಾತು ಯಾಕೆ ಹೇಳ್ಲಿಲ್ಲ, ಅಂದಳು, ಅಳುವೋ ಜಗಳವೋ ತಿಳಿಯದ ದನಿಯಲ್ಲಿ, ಚಿಕ್ಕಮ್ಮ ಕಣ್ಣು ತೆರೆದು ನೋಡಿದರು, ಉತ್ತರಪತ್ರಿಕೆ ನೋಡುವ ನೋಟ, ಕೋಪವಿಲ್ಲ, ಮಾರ್ಕೂ ಇಲ್ಲ, ಹೇಳಿದ್ನಲ್ಲ, ಎಂದರು, ಬಾಗಿಲು ಮುಚ್ಚಿತು.

ಹೇಳಿದ್ನಲ್ಲ — ಅವಳು ಬೆಂಚಿಗೆ ವಾಪಸಾಗಿ ಫೋನ್ ತೆಗೆದಳು, ಕರೆಗಳ ಪಟ್ಟಿ, ಸೋಮವಾರ, ಭಾನುವಾರ, ಶನಿವಾರ, ಮಧ್ಯಾಹ್ನ 12 ಗಂಟೆ 51, ಚಿಕ್ಕಮ್ಮ, ಅವಳೇ ಮಾಡಿದ ಕರೆ, 48 ಸೆಕೆಂಡು, ಎಲ್ಲಿದ್ದಳು ಆಗ, ಶೂ ಅಂಗಡಿಯಲ್ಲಿ, ಹೌದು, ಒಂದು ಕಾಲಿಗೆ ಹೊಸ ಶೂ, ಇನ್ನೊಂದು ಬರಿಗಾಲು, ಅಂಗಡಿಯವನು ಮಂಡಿಯೂರಿ ಲೇಸು ಕಟ್ಟುತ್ತಿದ್ದ, ಶುಕ್ರವಾರ ಸಂಜೆಯೂ ಹಾಗೇ ಅಲ್ಲವೇ, ಲಿಫ್ಟಿನಲ್ಲಿ ನಿಂತು, ಉಳಿತಾಯ ಕಳಿಸಿದ ಬದಲಾವಣೆಗಳ ಪಟ್ಟಿ, ಇನ್ನೂರ ಹನ್ನೆರಡು ಸಾಲು, ಹೆಬ್ಬೆರಳಿನಲ್ಲಿ ಮೇಲಕ್ಕೆ ತಳ್ಳಿದಳು, ತಳ್ಳಿದಳು, ಕೊನೆ ಬಂತು, ತೆಗೆದ ಸಾಲು ಕೆಂಪಲ್ಲಿ ಇದ್ದಿರಬೇಕು, ಅವಳದೇ ಸಾಲು, ಹೆಬ್ಬೆರಳ ಕೆಳಗೇ ಹಾದುಹೋಗಿರಬೇಕು, ಸಹಿ ಒತ್ತಿದಳು, ಲಿಫ್ಟಿನ ಬಾಗಿಲು ತೆರೆಯಿತು, ಉಳಿತಾಯ ಕಡಿದ, ಸರಿ, ಕೊಡಲಿಗೆ ಕಾವು ಅವಳು, ಆದರೆ ಇದು ಆಫೀಸು, ಇದಕ್ಕೆ ಸುಸ್ತು ಅನ್ನಬಹುದು, ನಂಬಿಕೆ ಅನ್ನಬಹುದು, ಶನಿವಾರಕ್ಕೆ ಏನನ್ನಬಹುದು — ಜ್ಞಾಪಿಸಿಕೋ ಅವಸರದಮ್ಮ, ಡಯಾಲಿಸಿಸ್ ಆಯ್ತಾ ಚಿಕ್ಕಮ್ಮ, ಅಂದಿದ್ದಳು, ಆ ಕಡೆಯಿಂದ ಏನೋ ಮಾತು ಬಂತು, ಅಂಗಡಿಯವನು, ಹೆಬ್ಬೆರಳು ತಾಗ್ತಾ ಇದೆಯಾ ಮೇಡಂ, ಅಂದ, ಸ್ವಲ್ಪ, ಅಂದಳು ಅವನಿಗೆ, ಸರಿ ಚಿಕ್ಕಮ್ಮ, ಅಂದಳು ಇವರಿಗೆ, ಆ ಕಡೆಯಿಂದ ಮತ್ತೆ ಏನೋ ಬಂತು, ಏನು ಬಂತು, ಶಬ್ದ ನೆನಪಿದೆ, ದನಿಯ ಏರಿಳಿತ ನೆನಪಿದೆ, ಒಂದು ಸೈಜು ದೊಡ್ಡದು ಕೊಡ್ಲಾ, ಅನ್ನುತ್ತಿದ್ದಾನೆ, ಅದರ ಕೆಳಗೆ, ಆ ದನಿಯ ಕೆಳಗೆ, ಮೆಲ್ಲಗೆ, ಹಾಳೆಯಷ್ಟು ತೆಳ್ಳಗೆ, ಇವತ್ತು ಆಗಲಿಲ್ಲ ಪುಟ್ಟಾ, ಟೋಕನ್ ಇಲ್ಲ ಅಂತು — ಹೌದು, ಇದ್ದದ್ದು ಅದೇ, ಇವತ್ತು ಆಗಲಿಲ್ಲ, ಟೋಕನ್ ಇಲ್ಲ ಅಂತು, ಅವಳು ಏನಂದಳು, ಒಳ್ಳೇದು ಚಿಕ್ಕಮ್ಮ, ರೆಸ್ಟ್ ಮಾಡಿ, ಸಂಜೆ ಬರ್ತೀನಿ, ಅಂದಳು, ಫೋನ್ ಇಟ್ಟಳು, ಸಂಜೆ ಹೋಗಲಿಲ್ಲ, ಭಾನುವಾರವೂ ಹೋಗಲಿಲ್ಲ, ಸೋಮವಾರ ರಾತ್ರಿ ಹೋಗಿ ಅಲ್ಲೇ ಮಲಗಿದಳು, ಆದರೆ ಮನಸ್ಸಿನಲ್ಲಿ ಗುರುತು ಹಾಕಿಕೊಂಡಾಗಿತ್ತು, ಶನಿವಾರ, ಡಯಾಲಿಸಿಸ್, ಆಯಿತು, ಕರೆ ಯಶಸ್ವಿ, ಆ ಗುರುತನ್ನು ನೋಡಿಯೇ ಇವತ್ತು ಡಾಕ್ಟರಿಗೆ ತಡವರಿಸದೆ ಉತ್ತರ ಕೊಟ್ಟದ್ದು.

ಆಗ ಅವಳಿಗೆ ಹನ್ನೆರಡು ವರ್ಷ, ಶಾಲೆಗೆ ರಜೆ, ಚಿಕ್ಕಮ್ಮ ಬೀಗ ತೆಗೆದು ಪ್ರಯೋಗಶಾಲೆಗೆ ಕರೆದೊಯ್ದಿದ್ದರು, ಕಪ್ಪು ಮೇಜು, ಬರ್ನರಿನ ನೀಲಿ ಉರಿ, ತಂತಿಯ ತುದಿಗೆ ಶೀಶೆಯೊಂದರ ಲವಣ ಹಚ್ಚಿ ಹಿಡಿದರು, ಭಗ್ಗನೆ ಹಳದಿ, ಏನು ಕಂಡಿತು, ಹಳದಿ, ಇನ್ನೇನು ಕಂಡಿತು, ಹಳದಿ ಚಿಕ್ಕಮ್ಮ, ಬರೆದಾಯ್ತು, ಪುಸ್ತಕ ಮುಚ್ಚಿಯೂ ಆಗಿತ್ತು, ತಡಿ ಅಂದರು, ಅಂಗೈಯಗಲದ ನೀಲಿ ಗಾಜಿನ ತುಂಡು ಕೊಟ್ಟರು, ಇದನ್ನ ಕಣ್ಣಿಗೆ ಹಿಡಿದು ನೋಡು, ಹಿಡಿದಳು, ಹಳದಿ ಆರಿಹೋಯಿತು, ಅದು ಇದ್ದ ಜಾಗದಲ್ಲಿ ಒಂದು ನೇರಳೆ ಉರಿ, ತೆಳ್ಳಗೆ, ಅಲುಗದೆ, ಎಲ್ಲಿಂದ ಬಂತು ಚಿಕ್ಕಮ್ಮ, ಎಲ್ಲಿಂದಲೂ ಬರಲಿಲ್ಲ, ಮೊದಲಿಂದಲೂ ಅಲ್ಲೇ ಇತ್ತು, ಸೋಡಿಯಂ ಚೂರು ಇದ್ರೂ ಸಾಕು ಬಾಯಿ ದೊಡ್ಡದು, ಪೊಟ್ಯಾಸಿಯಂ ಮೆತ್ತಗೆ ಹೇಳುತ್ತೆ, ಬರೆಯೋಕೆ ಮುಂಚೆ ನೋಡು, ಸೊನ್ನೆ ಬರೆಯೋದಾದ್ರೂ ನೋಡಿ ಬರಿ — ನೇರಳೆ ಉರಿ, ಹತ್ತು ಗಂಟೆ ಇಪ್ಪತ್ತಾರು, ಲ್ಯಾಪ್‌ಟಾಪಿನ ಮೂಲೆ ಒಡೆದಿದೆ, ಪರದೆ ಇನ್ನೂ ಬೆಳಗುತ್ತಿದೆ, ಉಳಿತಾಯನ ವರದಿ ತೆರೆದೇ ಇದೆ, ಸಹಿಗೆ ಕಾಯುತ್ತಿದೆ, ರೋಗಿಗಳಿಗೆ ಆದ ತೊಂದರೆ, ಸೊನ್ನೆ, ಗಾಜಿನ ಆಚೆ ಕೊಳವೆಯಲ್ಲಿ ಕೆಂಪು ಏರುತ್ತಿದೆ, ಚಿಕ್ಕಮ್ಮನ ಮುಖ ಆ ಕಡೆ ತಿರುಗಿದೆ, ನೇರಳೆ ಉರಿ, ಕನ್ನಡಕವನ್ನು ತಲೆಗೇರಿಸಿಕೊಂಡ ಡಾಕ್ಟರು ಕೈಯಲ್ಲಿ ಸಣ್ಣ ಕಾಗದ ಹಿಡಿದು ಬಂದರು, ಯಂತ್ರಕ್ಕೆ ಹಾಕೋ ಮುಂಚಿನ ರಕ್ತದ್ದು, ಬಂತು, ಎಂದರು, ಅಂಕೆ ಹೇಳಿದರು, ಇವತ್ತು ಸಂಜೆವರೆಗೆ ಏನೂ ಹೇಳೋಕಾಗಲ್ಲ, ಎಂದರು, ಅವಳು, ಇನ್ನೊಂದು ಸಲ ಹೇಳಿ, ಅಂದಳು, ಡಾಕ್ಟರು ಇನ್ನೊಂದು ಸಲ ಹೇಳಿದರು, ನಾನು ಬರ್ಕೊಳ್ತೀನಿ, ಕಾಗದ ತೋರಿಸಿ, ಅಂದಳು, ತೋರಿಸಿದರು, ನೋಡಿದಳು, ಮೊದಲ ಅಂಕೆ, ಚುಕ್ಕೆ, ಎರಡನೇ ಅಂಕೆ, ನೇರಳೆ ಉರಿ, ಅಲುಗದೆ — ವರದಿಯ ಸೊನ್ನೆಯನ್ನು ಅಳಿಸಿ, ಅದೇ ಜಾಗದಲ್ಲಿ, ಗುರುವಾರದ ನಂತರ ಡಯಾಲಿಸಿಸ್ ಸಿಗದ ಒಬ್ಬ ರೋಗಿ ಎಂದು ಬರೆದಳು, ಮುಂದಕ್ಕೆ ಕಾಗದ ನೋಡಿಕೊಂಡು ಒಂದೊಂದೇ ಕೀಲಿ ಒತ್ತಿದಳು: ಪೊಟ್ಯಾಸಿಯಂ, ಲೀಟರಿಗೆ 7.4 ಮಿಲಿಮೋಲ್.